ಒಂದೇ ಕಾಗದದ ಮಡಿಕೆಯಲ್ಲಿ ಪ್ರೇಮವೂ ಬೇಹೂ

ಪ್ರಶ್ನೆ: ರೀಜೆನ್ಸಿ ಕಾಲದ ಇಂಗ್ಲಿಷ್ ಪ್ರೇಮಕಾದಂಬರಿಗಳನ್ನು ಬಹಳ ವರ್ಷಗಳಿಂದ ಓದುತ್ತಿದ್ದೇನೆ. ಈಗ ಅದೇ ಕಾಲದ ಕಥೆಯೊಂದನ್ನು ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ನನ್ನ ನಾಯಕ ಒಬ್ಬ ಅರ್ಲ್, ಅಂದರೆ ಇಂಗ್ಲೆಂಡಿನ ದೊಡ್ಡ ಪದವಿಯ ಪ್ರಭು. ಲಂಡನ್ನಿನ ನೃತ್ಯಕೂಟಗಳಲ್ಲಿ ಮೆರೆಯುವ ಶೋಕಿಲಾಲ. ಗುಟ್ಟಾಗಿ ವೇಷ ಮರೆಸಿಕೊಂಡು ಫ್ರಾನ್ಸ್‌ಗೆ ಹೋಗಿ ನೆಪೋಲಿಯನ್ನನ ಸೇನೆಯ ಸುದ್ದಿ ತರುವವನು. ನನ್ನ ತಂಗಿ ಓದಿ, ‘ಇದೆಲ್ಲ ಬರೀ ಸಿನಿಮಾ, ಹೀಗೆ ಯಾರೂ ಇರಲಿಲ್ಲ’ ಎಂದಳು. ನಿಜಕ್ಕೂ ಆಗ ಬೇಹುಗಾರಿಕೆ ಹೇಗಿತ್ತು? ನಾಯಕಿಗೆ ಅವನ ಗುಟ್ಟು ತಿಳಿಯುವುದು ಹೇಗೆ? ಹೆಂಗಸರಿಗೆ ಇದರಲ್ಲಿ ಪಾತ್ರ ಇತ್ತೇ? ಕೊನೆಯ ದೃಶ್ಯವನ್ನು ವಾಟರ್‌ಲೂ ರಣರಂಗದಲ್ಲಿ ಇಟ್ಟರೆ ಅತಿಯಾಯಿತೇ?

ಉತ್ತರ: ನಿಮ್ಮ ತಂಗಿ ಹೇಳಿದ್ದು ಅರ್ಧ ಸರಿ. ಪ್ರೇಮ ಇತ್ತು, ಬೇಹುಗಾರಿಕೆ ಇತ್ತು, ಎರಡೂ ಒಂದಕ್ಕೊಂದು ಗಂಟುಬಿದ್ದದ್ದೂ ಇತ್ತು. ನಂಬಲು ಕಷ್ಟವಾಗುವುದು ನಿಮ್ಮ ಅರ್ಲ್ ಹಾಕಿಕೊಂಡಿರುವ ವೇಷ ಮಾತ್ರ. ಅದನ್ನು ಕಳಚಿ ನೋಡಿ, ಕಥೆಗೆ ಬೇಕಾದ ಸಾಮಗ್ರಿ ಇತಿಹಾಸದಲ್ಲೇ ಮೂಟೆಗಟ್ಟಲೆ ಬಿದ್ದಿದೆ.

ಮೊದಲು ಕಾಲವನ್ನು ಗಟ್ಟಿಮಾಡಿಕೊಳ್ಳಿ. ದೊರೆ ಮೂರನೆಯ ಜಾರ್ಜ್‌ಗೆ ಬುದ್ಧಿ ಸ್ವಾಧೀನ ತಪ್ಪಿದ್ದರಿಂದ 1811ರ ಫೆಬ್ರವರಿಯಲ್ಲಿ ಅವನ ಮಗ ರೀಜೆಂಟ್, ಅಂದರೆ ದೊರೆಯ ಪರವಾಗಿ ಆಳುವವನು, ಆದ. 1820ರ ಜನವರಿಯಲ್ಲಿ ದೊರೆ ತೀರಿಕೊಳ್ಳುವವರೆಗಿನದು ರೀಜೆನ್ಸಿ. ಆದರೆ ನೆಪೋಲಿಯನ್ನನ ವಿರುದ್ಧದ ಯುದ್ಧ 1815ರ ಜೂನ್‌ನಲ್ಲೇ, ವಾಟರ್‌ಲೂ ಕದನದೊಂದಿಗೆ ಮುಗಿಯಿತು. ನಡುವೆ ಹತ್ತು ತಿಂಗಳು ನೆಪೋಲಿಯನ್ ಗಡೀಪಾರಾಗಿ ಎಲ್ಬಾ ದ್ವೀಪದಲ್ಲಿದ್ದ, ಆಗ ಯುದ್ಧವಿರಲಿಲ್ಲ. ಹಾಗಾಗಿ ಯುದ್ಧವೂ ರೀಜೆನ್ಸಿಯೂ ಒಟ್ಟಿಗಿದ್ದ ಕಾಲ ನಾಲ್ಕು ವರ್ಷವೂ ಆಗುವುದಿಲ್ಲ. ಕೇಳಿದರೆ ನಾನು 1812 ಅನ್ನು ಆರಿಸಿ ಎನ್ನುತ್ತೇನೆ. ಕಾರಣ ಮುಂದೆ ನಿಮಗೇ ಗೊತ್ತಾಗುತ್ತದೆ.

ಈಗ ವೇಷದ ಮಾತು. ಆಗಿನ ಗಣ್ಯರ ಕಣ್ಣಲ್ಲಿ ಗೂಢಚಾರನೆಂದರೆ ಕೀಳು ಮನುಷ್ಯ. ಮಾಹಿತಿಗೆ ದುಡ್ಡು ಕೊಡುತ್ತಿದ್ದರು, ಕೊಟ್ಟವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣುತ್ತಿರಲಿಲ್ಲ. ಕಾನೂನಿನಲ್ಲೂ ಇದೇ ಭೇದ: ಸಮವಸ್ತ್ರದಲ್ಲಿ ಸಿಕ್ಕಿಬಿದ್ದವನು ಯುದ್ಧಕೈದಿ, ಮಾರುವೇಷದಲ್ಲಿ ಸಿಕ್ಕಿಬಿದ್ದವನಿಗೆ ಹಗ್ಗ ಅಥವಾ ಗುಂಡು. ಆದ್ದರಿಂದ ಸ್ಪೇನ್, ಪೋರ್ಚುಗಲ್‌ಗಳಲ್ಲಿ ಫ್ರೆಂಚರ ವಿರುದ್ಧ ಹೋರಾಡುತ್ತಿದ್ದ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ನನ ಪರವಾಗಿ ಶತ್ರುಸೇನೆಯ ಸುತ್ತ ಕುದುರೆಯ ಮೇಲೆ ಅಲೆದು ತಲೆ ಎಣಿಸಿ ಬರುತ್ತಿದ್ದ ಅಧಿಕಾರಿಗಳು ಪೂರ್ತಿ ಸಮವಸ್ತ್ರದಲ್ಲೇ ತಿರುಗುತ್ತಿದ್ದರು. ಒಳ್ಳೆಯ ಕುದುರೆಯೊಂದೇ ಅವರಿಗೆ ರಕ್ಷೆ.

ಅವರಲ್ಲಿ ಹೆಸರಾದವನು ಕಹೂನ್ ಗ್ರ್ಯಾಂಟ್. 1812ರ ಏಪ್ರಿಲ್ 16ರಂದು ಪೋರ್ಚುಗಲ್ಲಿನ ಗಡಿಸೀಮೆಯಲ್ಲಿ ಫ್ರೆಂಚರ ಕೈಗೆ ಸಿಕ್ಕ. ಅವನ ಜೊತೆ ಲಿಯೋನ್ ಎಂಬ ಸ್ಥಳೀಯ ದಾರಿತೋರುಗನಿದ್ದ. ಗ್ರ್ಯಾಂಟ್‌ನನ್ನು ಫ್ರೆಂಚ್ ಸೇನಾಪತಿ ಮಾರ್ಷಲ್ ಮಾರ್ಮೋಂ ಊಟಕ್ಕೆ ಕೂರಿಸಿಕೊಂಡ. ಲಿಯೋನ್‌ನನ್ನು ಗುಂಡಿಟ್ಟು ಕೊಂದರು. ಒಂದೇ ಹೊಂಚಿನಲ್ಲಿ ಒಟ್ಟಿಗೆ ಸಿಕ್ಕವರು ಇಬ್ಬರು. ಒಬ್ಬನ ಮೈಮೇಲೆ ಕೆಂಪು ಕೋಟು ಇತ್ತು, ಇನ್ನೊಬ್ಬನ ಮೈಮೇಲೆ ಇರಲಿಲ್ಲ. ನೀವು ಈ ಕಾಲದ ಬಗ್ಗೆ ಏನು ಬರೆದರೂ ಈ ಲಿಯೋನ್‌ನನ್ನು ಮರೆಯಬೇಡಿ. ಈಗಿನ ಪ್ರೇಮಕಾದಂಬರಿಗಳಲ್ಲಿ ಅವನಿಗೆ ಜಾಗವೇ ಸಿಗುವುದಿಲ್ಲ. ಅದು ನನ್ನನ್ನು ನೋಯಿಸುತ್ತದೆ.

ಮುಂದಿನದು ನಿಮ್ಮ ಅರ್ಲ್‌ಗೆ ನೇರವಾಗಿ ಉಪಯೋಗಕ್ಕೆ ಬರುವ ಕಥೆ. ಸೆರೆಸಿಕ್ಕ ಅಧಿಕಾರಿ ‘ತಪ್ಪಿಸಿಕೊಳ್ಳುವುದಿಲ್ಲ’ ಎಂದು ಮಾತು ಕೊಟ್ಟರೆ ಅವನನ್ನು ಕಟ್ಟಿಹಾಕುತ್ತಿರಲಿಲ್ಲ. ಪೆರೋಲ್ ಎಂಬ ಪದಕ್ಕೆ ಈಗ ನಮ್ಮಲ್ಲಿ ಜೈಲಿನ ರಜೆ ಎಂಬ ಅರ್ಥ ನಿಂತುಬಿಟ್ಟಿದೆ. ಆಗ ಅದು ಪುಣ್ಯಕೋಟಿ ಹುಲಿಗೆ ಕೊಟ್ಟಂಥ ಮಾತು. ಮುರಿದವನು ತನ್ನವರ ನಡುವೆಯೂ ತಲೆ ಎತ್ತುವಂತಿರಲಿಲ್ಲ. ಗ್ರ್ಯಾಂಟ್ ಮಾತು ಕೊಟ್ಟ. ಮಾರ್ಮೋಂ ಅವನನ್ನು ಫ್ರಾನ್ಸಿನ ಬಯೋನ್ ಊರಿಗೆ ಸಾಗಹಾಕಿದ. ಆದರೆ ಜೊತೆಗೇ, ಇವನು ಅಪಾಯದ ಆಸಾಮಿ, ಬಿಡಬೇಡಿ ಎಂಬ ಅರ್ಥದ ಕಾಗದವನ್ನೂ ಕಳಿಸಿದ. ಅದು ಗ್ರ್ಯಾಂಟ್‌ಗೆ ತಿಳಿಯಿತು. ಅವರೇ ನನ್ನ ಮಾತನ್ನು ನಂಬದ ಮೇಲೆ ಆ ಮಾತಿಗೆ ನಾನು ಕಟ್ಟುಬಿದ್ದಿಲ್ಲ ಎಂದು ಅವನು ತೀರ್ಮಾನಿಸಿದ. ಬಯೋನ್‌ನಲ್ಲಿ ಸದ್ದಿಲ್ಲದೆ ಜಾರಿಕೊಂಡು, ತಾನು ಅಮೆರಿಕದ ಅಧಿಕಾರಿ ಎಂದು ಹೇಳಿಕೊಂಡು, ಫ್ರೆಂಚ್ ಜನರಲ್ ಒಬ್ಬನ ಜೊತೆಯಲ್ಲೇ ಪ್ಯಾರಿಸ್ ಸೇರಿದ. ಅಲ್ಲಿಂದ ವೆಲಿಂಗ್ಟನ್‌ಗೆ ಸುದ್ದಿ ಕಳಿಸಿದ. ಇದನ್ನೆಲ್ಲ ಬರೆದಿಟ್ಟವನು ಅವನ ಭಾವ, ವೆಲಿಂಗ್ಟನ್ ಸೇನೆಯ ವೈದ್ಯ ಜೇಮ್ಸ್ ಮೆಕ್‌ಗ್ರಿಗರ್. ಗ್ರ್ಯಾಂಟ್‌ನ ಒಳಗುದಿ ‘ಸಿಕ್ಕಿಬೀಳುತ್ತೇನೆಯೇ’ ಎಂಬುದಲ್ಲ, ‘ನನ್ನ ಮಾತು ಇನ್ನೂ ಮಾತಾಗಿ ಉಳಿದಿದೆಯೇ’ ಎಂಬುದು. ಪ್ರೇಮದಲ್ಲಿ ಬಿದ್ದ ನಾಯಕನನ್ನೂ ಇದೇ ಪ್ರಶ್ನೆ ಕಾಡುತ್ತದಲ್ಲವೇ?

ಹಾಗಾದರೆ ಮಾರುವೇಷದ ಕೆಲಸ ಮಾಡುತ್ತಿದ್ದವರು ಯಾರು? ಹೇಸರಗತ್ತೆ ಹೊಡೆಯುವವರು, ರೈತರು, ಪಾದ್ರಿಗಳು. ಸಲಮಾಂಕಾದಲ್ಲಿ ಐರಿಷ್ ಕಾಲೇಜಿನ ಮುಖ್ಯಸ್ಥನಾಗಿದ್ದ ಪ್ಯಾಟ್ರಿಕ್ ಕರ್ಟಿಸ್ ಎಂಬ ವಯಸ್ಸಾದ ಪಾದ್ರಿ ಫ್ರೆಂಚರ ಮೂಗಿನಡಿಯಲ್ಲೇ ದೊಡ್ಡ ಬೇಹುಜಾಲ ನಡೆಸಿದ; ಮುಂದೆ ಐರ್ಲೆಂಡಿನ ಆರ್ಮಾದ ಆರ್ಚ್‌ಬಿಷಪ್ ಆದ. ವೆಲಿಂಗ್ಟನ್‌ಗೆ ಇಂಥವರ ಬೆಲೆ ಗೊತ್ತಾದದ್ದರಲ್ಲಿ ನಮ್ಮ ನೆಲದ ಪಾಲೂ ಇದೆ. ಅವನು ಆಗ ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಅಧಿಕಾರ ಅವನ ಕೈಗೆ ಬಂತು, ದರಿಯಾ ದೌಲತ್‌ನಲ್ಲಿ ವಾಸವಿದ್ದ. 1800ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಧೋಂಡಿಯಾ ವಾಘ್‌ನನ್ನು ತಿಂಗಳುಗಟ್ಟಲೆ ಬೆನ್ನಟ್ಟಿ, ಸೆಪ್ಟೆಂಬರ್ 10ರಂದು ತುಂಗಭದ್ರೆ–ಕೃಷ್ಣೆಗಳ ನಡುವಿನ ಸೀಮೆಯಲ್ಲಿ ಕೊನೆಗಾಣಿಸಿದ. ಊರೂರು ಅಲೆದು ಸುದ್ದಿ ಹೊತ್ತು ತರುವ ಹರಕಾರರಿಲ್ಲದೆ ಆ ಬೇಟೆ ಸಾಧ್ಯವಿರಲಿಲ್ಲ. ಸ್ಪೇನ್‌ನಲ್ಲಿ ಅವನು ಕಟ್ಟಿದ ವ್ಯವಸ್ಥೆಯಲ್ಲಿ ಆ ಪಾಠದ ಗುರುತು ನನಗೆ ಕಾಣುತ್ತದೆ. ನಿಮ್ಮ ಕಥೆಯ ಕನ್ನಡ ಓದುಗರಿಗೆ ಒಂದು ಕೊಂಡಿ ಬೇಕಿದ್ದರೆ ಇದು ನಿಜವಾದ ಕೊಂಡಿ. ಬಲವಂತವಾಗಿ ಬೇರೆ ಏನನ್ನೂ ತುರುಕುವ ಅಗತ್ಯವಿಲ್ಲ.

ಯುದ್ಧದ ದಿಕ್ಕನ್ನು ಬದಲಿಸಿದ ಬೇಹು ಮಾತ್ರ ಮೇಜಿನ ಮುಂದೆ ಕೂತು ಮಾಡಿದ್ದು. ಫ್ರೆಂಚ್ ಅಂಚೆಸವಾರರನ್ನು ಸ್ಪೇನಿನ ಗೆರಿಲ್ಲಾಗಳು ದಾರಿಯಲ್ಲಿ ಹಿಡಿದು ಕಾಗದ ಕಸಿಯುತ್ತಿದ್ದರು. ಅದಕ್ಕೇ ಫ್ರೆಂಚರು ಅಂಕಿಗಳ ಗುಪ್ತಲಿಪಿಯಲ್ಲಿ ಬರೆಯತೊಡಗಿದರು. 1811ರಲ್ಲಿ ಬಳಸಿದ ಲಿಪಿಯಲ್ಲಿ 150 ಅಂಕಿಗಳು. ಆಮೇಲೆ ಪ್ಯಾರಿಸ್‌ನಿಂದ ಬಂದ ‘ಮಹಾಲಿಪಿ’ಯಲ್ಲಿ 1,400. ಒಂದೊಂದು ಅಂಕಿ ಒಂದು ಅಕ್ಷರಕ್ಕೋ, ಒಂದು ಪದಕ್ಕೋ, ಒಂದು ಊರಿಗೋ ನಿಲ್ಲುತ್ತಿತ್ತು. ಏನೂ ಅರ್ಥವಿಲ್ಲದ ಅಂಕಿಗಳನ್ನೂ ದಾರಿತಪ್ಪಿಸಲೆಂದು ಸೇರಿಸುತ್ತಿದ್ದರು. ಇದನ್ನು ಬಿಡಿಸಿದವನು ವೆಲಿಂಗ್ಟನ್ ಸೇನೆಯ ಅಧಿಕಾರಿ ಜಾರ್ಜ್ ಸ್ಕೋವೆಲ್. ಗಣ್ಯ ಮನೆತನದವನಲ್ಲ, ಶೋಕಿಲಾಲನೂ ಅಲ್ಲ. ತಾಳ್ಮೆಯಿಂದ ಲೆಕ್ಕವಿಡುವ ಮನುಷ್ಯ.

ಅವನ ಕೆಲಸವನ್ನು ಹತ್ತಿರದಿಂದ ನೋಡಬೇಕೆಂದರೆ ಒಂದು ಉದಾಹರಣೆ ನಾನೇ ಮಾಡಿ ತೋರಿಸುತ್ತೇನೆ. ‘ಮಳೆ ಬಿಟ್ಟ ಕೂಡಲೇ 816 ಸೈನಿಕರೊಡನೆ 1109 ಕಡೆಗೆ ಹೊರಡಿ, ಸೇತುವೆ ಮುರಿದಿದೆಯಂತೆ’ ಎಂದು ಒಂದು ಸಾಲು ಇದೆ ಎನ್ನಿ. ಅಂಕಿಗಳು ಎರಡೇ. ಮುರಿದ ಸೇತುವೆ ಯಾವ ಊರಿನದೆಂದು ನಮಗೆ ಬೇರೆ ದಾರಿಯಿಂದ ತಿಳಿದಿದ್ದರೆ 1109 ಯಾವುದೆಂದು ಗೊತ್ತಾಯಿತು. ಆಮೇಲೆ 1109 ಇರುವ ಹಳೆಯ ಕಾಗದಗಳನ್ನೆಲ್ಲ ತೆಗೆದು ನೋಡುವುದು. ಅಲ್ಲಿ ಪಕ್ಕದಲ್ಲಿರುವ ಅಂಕಿಯ ಬಾಯಿ ಬಿಡಿಸುವುದು. ಫ್ರೆಂಚರ ತಪ್ಪು ಇದೇ. ಇಡೀ ಕಾಗದವನ್ನು ಗುಪ್ತಲಿಪಿಗೆ ಇಳಿಸಲು ಸೋಮಾರಿತನ ಮಾಡಿ, ಮುಖ್ಯವೆನಿಸಿದ ಪದಗಳನ್ನು ಮಾತ್ರ ಮುಚ್ಚಿದರು. ಮುಚ್ಚದೆ ಬಿಟ್ಟ ಮಾತುಗಳೇ ಮುಚ್ಚಿದ್ದನ್ನು ಬಿಚ್ಚಿದವು. 1812 ಮುಗಿಯುವ ಹೊತ್ತಿಗೆ ಸ್ಕೋವೆಲ್ ಮಹಾಲಿಪಿಯ ಬಹುಪಾಲನ್ನು ಬಿಡಿಸಿದ್ದ. ಮುಂದಿನ ವರ್ಷ ಜೂನ್ 21ರಂದು ವಿಟೋರಿಯಾದಲ್ಲಿ ನೆಪೋಲಿಯನ್ನನ ಅಣ್ಣ ಜೋಸೆಫ್ ಸೋತು ಸಾರೋಟು ಬಿಟ್ಟು ಓಡುವವರೆಗೂ ಫ್ರೆಂಚರ ಕಾಗದಗಳನ್ನು ವೆಲಿಂಗ್ಟನ್ ಓದುತ್ತಲೇ ಇದ್ದ.

ಇಲ್ಲಿಂದ ನಿಮ್ಮ ಎರಡನೆಯ ಪ್ರಶ್ನೆಗೆ, ನಾಯಕಿಗೆ ಗುಟ್ಟು ತಿಳಿಯುವ ಬಗೆಗೆ ಬರುತ್ತೇನೆ. ನನಗೆ ಈ ಕಾಲದ ಮೇಲೆ ಇಷ್ಟೊಂದು ಮೋಹ ಹುಟ್ಟಿದ್ದೇ ಅಂಚೆಯಿಂದ. ಆಗ ಪ್ರೇಮವೂ ಬೇಹೂ ಹೋಗುತ್ತಿದ್ದದ್ದು ಒಂದೇ ವಾಹನದಲ್ಲಿ: ಮಡಿಸಿ ಅರಗು ಒತ್ತಿದ ಒಂದು ಹಾಳೆ ಕಾಗದ. ಎರಡಕ್ಕೂ ಭಯ ಒಂದೇ, ಬೇರೆಯವರು ಬಿಚ್ಚಿ ಓದುವ ಭಯ.

ಬ್ರಿಟನ್ನಿನ ಅಂಚೆಕಚೇರಿಯೊಳಗೇ ವಿದೇಶಿ ಕಾಗದಗಳನ್ನು ಗುಟ್ಟಾಗಿ ಬಿಚ್ಚಿ ನಕಲು ಮಾಡುವ ಕೋಣೆಯೊಂದಿತ್ತು, ಗುಪ್ತಲಿಪಿ ಬಿಡಿಸುವ ವಿಭಾಗವಿತ್ತು. ವಿಲ್ಸ್ ಎಂಬ ಮನೆತನ ತಲೆಮಾರುಗಳಿಂದ ಆ ಕೆಲಸದಲ್ಲಿತ್ತು. ಫ್ರಾನ್ಸ್‌ನಲ್ಲೂ ಅಂಥದೇ ‘ಕಪ್ಪು ಕೋಣೆ’ ಇತ್ತು. ಮನೆಯ ಮಟ್ಟದಲ್ಲಿ ಕಾವಲು ಇನ್ನೂ ಬಿಗಿ. ಅಂಚೆಯ ದುಡ್ಡನ್ನು ಕೊಡುತ್ತಿದ್ದವರು ಕಳಿಸಿದವರಲ್ಲ, ಪಡೆದವರು. 1812ರ ದರದಲ್ಲಿ 15 ಮೈಲಿಗೆ 4 ಪೆನ್ನಿ, 300 ಮೈಲಿಗೆ 12 ಪೆನ್ನಿ ಅಂದರೆ ಒಂದು ಶಿಲಿಂಗ್. ಎರಡು ಹಾಳೆಯಾದರೆ ಎರಡರಷ್ಟು. ಲಕೋಟೆಯೂ ಒಂದು ಹಾಳೆಯ ಲೆಕ್ಕಕ್ಕೆ ಬರುತ್ತಿದ್ದುದರಿಂದ ಹೆಚ್ಚಿನವರು ಲಕೋಟೆ ಬಳಸುತ್ತಿರಲಿಲ್ಲ. ಒಂದೇ ಹಾಳೆಯಲ್ಲಿ ಅಡ್ಡಕ್ಕೆ ಬರೆದು, ತಿರುಗಿಸಿ ಅದರ ಮೇಲೆಯೇ ಉದ್ದಕ್ಕೆ ಬರೆಯುತ್ತಿದ್ದರು. ಮಗಳ ಹೆಸರಿಗೆ ಬಂದ ಕಾಗದಕ್ಕೆ ಅಪ್ಪನೇ ಕಾಸು ಎಣಿಸಬೇಕು. ಯಾರ ಅಕ್ಷರ, ಯಾವ ಊರಿನ ಮುದ್ರೆ ಎಂದು ತಿಂಡಿಯ ಮೇಜಿನಲ್ಲಿದ್ದವರಿಗೆಲ್ಲ ಗೊತ್ತು. ಮದುವೆ ನಿಶ್ಚಯವಾಗದ ಹೆಣ್ಣಿಗೂ ಗಂಡಿಗೂ ಪತ್ರವ್ಯವಹಾರ ಇದೆ ಎಂದರೆ ನಿಶ್ಚಿತಾರ್ಥ ಆಗಿದೆ ಎಂದೇ ಊರು ತಿಳಿಯುತ್ತಿತ್ತು. ಆಗಿಲ್ಲವೆಂದರೆ ಹೆಣ್ಣಿನ ಮಾನ ಹೋಯಿತು.

ಈಗ ನಿಮ್ಮ ನಾಯಕ ಅರ್ಲ್ ಆಗಿರುವುದು ನಿಜವಾಗಿ ಉಪಯೋಗಕ್ಕೆ ಬರುವ ಜಾಗ ನೋಡಿ. ಪ್ರಭುಗಳಿಗೂ ಸಂಸತ್ ಸದಸ್ಯರಿಗೂ ಅಂಚೆ ಪುಕ್ಕಟೆ. ಆದರೆ ಆ ಸೌಲಭ್ಯದ ದುರುಪಯೋಗ ತಡೆಯಲು ನಿಯಮ ಬಿಗಿ ಮಾಡಿದ್ದರು: ಕಾಗದದ ಹೊರಮೈ ಮೇಲೆ ವಿಳಾಸವನ್ನೂ, ಅಂಚೆಗೆ ಹಾಕಿದ ಊರನ್ನೂ, ತಾರೀಖನ್ನೂ ಆ ಪ್ರಭು ಸ್ವಂತ ಕೈಯಲ್ಲಿ ಬರೆದು ಸಹಿ ಮಾಡಬೇಕು. ತಾನು ಯಾವ ದಿನ ಎಲ್ಲಿದ್ದೆ ಎಂಬುದಕ್ಕೆ ನಿಮ್ಮ ಅರ್ಲ್ ತಾನೇ ಬರೆದುಕೊಟ್ಟ ಸಾಕ್ಷಿ ಅದು. ಯಾರ್ಕ್‌ಷೈರ್‌ನಲ್ಲಿ ಬೇಟೆಗೆ ಹೋಗಿದ್ದೆ ಎಂದವನ ಸಹಿಯ ಪಕ್ಕದಲ್ಲಿ ‘ಡೀಲ್’ ಎಂಬ ಕಡಲತೀರದ ಊರಿನ ಹೆಸರು ಇದ್ದರೆ? ಅದೂ ಅವಳಿಗೆ ಬರೆದದ್ದಲ್ಲ, ಅವಳ ಚಿಕ್ಕಮ್ಮನಿಗೆ ಬರೆದ ಉಪಚಾರದ ಕಾಗದ. ತಿಂಡಿಯ ತಟ್ಟೆಯ ಪಕ್ಕದಲ್ಲಿ ಬಿದ್ದಿರುವ ಅದರ ಹೊರಮೈಯನ್ನು ಅವಳು ಕುತ್ತಿಗೆ ಬಾಗಿಸಿ ಓದುತ್ತಾಳೆ. ಕತ್ತಿ, ಮುಖವಾಡ, ಗುಪ್ತದ್ವಾರ ಯಾವುದೂ ಬೇಡ. ಬುದ್ಧಿವಂತ ಹುಡುಗಿಗೆ ಅಷ್ಟು ಸಾಕು.

ಡೀಲ್ ಎಂದೇ ಏಕೆ ಹೇಳಿದೆ? ಕೆಂಟ್ ತೀರದ ಆ ಊರಿನಿಂದ ಕಳ್ಳಸಾಗಣೆಯವರ ಉದ್ದನೆಯ ಹುಟ್ಟುದೋಣಿಗಳು ಕಡಲ್ಗಾಲುವೆ ದಾಟುತ್ತಿದ್ದವು. ನೆಪೋಲಿಯನ್ನೇ ಅವರಿಗೆ ಮೊದಲು ಡಂಕರ್ಕ್‌ನಲ್ಲಿ, ಆಮೇಲೆ ಗ್ರಾವ್ಲೀನ್ ಬಂದರಿನಲ್ಲಿ ಜಾಗ ಕೊಟ್ಟಿದ್ದ. ಇಂಗ್ಲೆಂಡಿನ ಚಿನ್ನದ ಗಿನಿ ನಾಣ್ಯಗಳೂ ಲಂಡನ್ ಪತ್ರಿಕೆಗಳೂ ಅವನಿಗೆ ಬೇಕಿದ್ದವು. ಹೋಗುವಾಗ ಚಿನ್ನ, ಪತ್ರಿಕೆ, ಕಾಗದ, ಕೆಲವೊಮ್ಮೆ ತಪ್ಪಿಸಿಕೊಂಡ ಫ್ರೆಂಚ್ ಕೈದಿ. ಬರುವಾಗ ಬ್ರಾಂದಿ, ರೇಷ್ಮೆ, ಜರತಾರಿ. ನೃತ್ಯಕೂಟದಲ್ಲಿ ನಿಮ್ಮ ನಾಯಕಿ ತೊಟ್ಟ ಫ್ರೆಂಚ್ ರೇಷ್ಮೆ ಬಂದ ದೋಣಿಯಲ್ಲೇ ಶತ್ರುವಿಗೆ ಸುದ್ದಿಯೂ ಹೋಗಿರಬಹುದು. ಇದನ್ನು ಬಿಡಬೇಡಿ.

ಇನ್ನೊಂದು ಸಾಧ್ಯತೆಯನ್ನೂ ಹೇಳಿಬಿಡುತ್ತೇನೆ. ಸೆರೆಸಿಕ್ಕ ಫ್ರೆಂಚ್ ಅಧಿಕಾರಿಗಳು ಮಾತು ಕೊಟ್ಟು ಇಂಗ್ಲೆಂಡಿನ ಸಣ್ಣಪುಟ್ಟ ಊರುಗಳಲ್ಲಿ ಬಾಡಿಗೆ ಮನೆ ಹಿಡಿದು ಇರುತ್ತಿದ್ದರು. ಊರಿನಿಂದ ಹೆದ್ದಾರಿಯಲ್ಲಿ ಒಂದು ಮೈಲಿವರೆಗೆ ಅಡ್ಡಾಡಬಹುದಿತ್ತು. ಚಿತ್ರ, ಸಂಗೀತ, ಫ್ರೆಂಚ್ ಕಲಿಸಿ ಕಾಸು ಸಂಪಾದಿಸಿದರು, ಊರಿನ ಹೆಣ್ಣುಗಳನ್ನು ಮದುವೆಯಾದವರೂ ಇದ್ದರು. ಜನರಲ್ ಲೆಫೆಬ್ರ್-ದೆನೂಯೆತ್ 1808ರ ಡಿಸೆಂಬರ್‌ನಲ್ಲಿ ಸೆರೆಯಾಗಿ ಚೆಲ್ಟನಮ್‌ನಲ್ಲಿದ್ದ. ಹೆಂಡತಿಯೂ ಬಂದು ಜೊತೆಗಿದ್ದಳು. ಗಣ್ಯರ ಮನೆಗಳಲ್ಲಿ ಇಬ್ಬರಿಗೂ ಆದರ. ಕೊನೆಗೆ ಮಾತು ಮುರಿದು ತಪ್ಪಿಸಿಕೊಂಡ, ನೆಪೋಲಿಯನ್ನನ ರಷ್ಯಾ ದಂಡಯಾತ್ರೆಗೆ ಹೋದ. ಗ್ರ್ಯಾಂಟ್‌ನ ಕಥೆಯ ಪಕ್ಕದಲ್ಲಿ ಇದನ್ನಿಟ್ಟರೆ ಎರಡು ಕಾದಂಬರಿಗಾಗುವಷ್ಟು ಆಗುತ್ತದೆ.

ಹೆಂಗಸರ ಪಾತ್ರ ಕೇಳಿದ್ದೀರಿ. ಅದಕ್ಕೆ ವಿಯೆನ್ನಾಕ್ಕೆ ಹೋಗಬೇಕು. 1814ರ ಶರತ್ಕಾಲದಲ್ಲಿ ಯುರೋಪಿನ ದೊರೆಗಳು, ಮಂತ್ರಿಗಳು ಭೂಪಟ ಹಂಚಿಕೊಳ್ಳಲು ಅಲ್ಲಿ ಸೇರಿದರು. ಆಸ್ಟ್ರಿಯಾದ ಪೊಲೀಸ್ ಮುಖ್ಯಸ್ಥ ಬ್ಯಾರನ್ ಹಾಗರ್‌ನ ಬೇಹುಗಾರರು ಎಲ್ಲರ ಮನೆಯಲ್ಲೂ ಇದ್ದರು: ಕೋಣೆ ಗುಡಿಸುವವಳು, ಒಲೆ ಹಚ್ಚುವವನು, ಬಾಗಿಲು ಕಾಯುವವನು. ಬುಟ್ಟಿಯಲ್ಲಿ ಹರಿದು ಬಿಸಾಡಿದ ಚೂರು, ಅಗ್ಗಿಷ್ಟಿಕೆಯಲ್ಲಿ ಅರ್ಧ ಸುಟ್ಟ ಕಾಗದ, ಎಲ್ಲವನ್ನೂ ಆಯ್ದು ತಂದು ಜೋಡಿಸುತ್ತಿದ್ದರು. ಬ್ರಿಟಿಷ್ ಮಂತ್ರಿ ಕಾಸಲ್ರೀ ಮನೆಗೆಲಸದವರನ್ನು ತಾನೇ ನೋಡಿ ನೇಮಿಸಿಕೊಂಡು, ಬೇಡದ ಕಾಗದಗಳನ್ನು ಸುಡಿಸಿ, ಅವರಿಗೆ ಬಹಳ ಕಷ್ಟ ಕೊಟ್ಟ.

ಆ ನಗರದ ಪಾಮ್ ಅರಮನೆಯ ಒಂದು ಪಾರ್ಶ್ವದಲ್ಲಿ ಸಾಗನ್‌ನ ಡಚೆಸ್ ವಿಲ್ಹೆಲ್ಮಿನಾ, ಇನ್ನೊಂದು ಪಾರ್ಶ್ವದಲ್ಲಿ ರಷ್ಯಾದ ಸೇನಾನಿಯ ವಿಧವೆ ರಾಜಕುಮಾರಿ ಬಾಗ್ರಾತಿಯೋನ್. ಆಸ್ಟ್ರಿಯಾದ ವಿದೇಶಾಂಗ ಮಂತ್ರಿ ಮೆಟರ್ನಿಕ್‌ಗೆ ಬಾಗ್ರಾತಿಯೋನ್ ಹಳೆಯ ಪ್ರೇಯಸಿ, ಅವರಿಗೊಬ್ಬ ಮಗಳೂ ಇದ್ದಳು. ಈಗ ಅವನು ಸೋತುಹೋಗಿದ್ದದ್ದು ವಿಲ್ಹೆಲ್ಮಿನಾಗೆ. ರಷ್ಯಾದ ತ್ಸಾರ್ ಅಲೆಕ್ಸಾಂಡರ್ ಆ ಮೆಟ್ಟಿಲುಗಳನ್ನು ಹತ್ತಿದಾಗ ಎಡಕ್ಕೆ ತಿರುಗಿದನೇ ಬಲಕ್ಕೆ ತಿರುಗಿದನೇ ಎಂಬುದು ಪೊಲೀಸ್ ವರದಿಗೆ ಹೋಗುವ ರಾಜಕೀಯ ಸುದ್ದಿ. ಮೆಟರ್ನಿಕ್‌ಗೆ ಅದೇ ಸುದ್ದಿ ಎದೆಗೆ ಇರಿಯುವ ಮೊಳೆ. ತನ್ನದೇ ಸರ್ಕಾರದ ಬೇಹುಗಾರರಿಂದ ಪ್ರೇಯಸಿಯ ಮನೆಗೆ ಯಾರು ಬಂದರೆಂದು ತಿಳಿಯುವ ಗಂಡಸು! ಇಬ್ಬರ ನಡುವಿನ 600ಕ್ಕೂ ಹೆಚ್ಚು ಕಾಗದಗಳು 1949ರಲ್ಲಿ ಬೊಹೀಮಿಯಾದ ಪ್ಲಾಸಿಯಲ್ಲಿ ಬೆಳಕಿಗೆ ಬಂದವು. ವಿಲ್ಹೆಲ್ಮಿನಾಳನ್ನೂ ಬಾಗ್ರಾತಿಯೋನ್‌ಳನ್ನೂ ಬರೀ ಸುಂದರ ಬಲೆಗಳಂತೆ ಬರೆಯುವ ರೂಢಿ ನನಗೆ ಸಮ್ಮತವಲ್ಲ. ಅವರ ಬೈಠಕ್‌ಖಾನೆಯಲ್ಲಿ ಕೂತು ಆಡಿದ ಮಾತಿಗೆ ಸಭೆಯ ಮಾತಿನಷ್ಟೇ ತೂಕವಿತ್ತು, ಅದು ಅವರಿಗೂ ಗೊತ್ತಿತ್ತು. ನಿಮ್ಮ ನಾಯಕಿಗೂ ಅಷ್ಟು ತಿಳಿವಳಿಕೆ ಕೊಡಿ.

ಕೊನೆಯ ಪ್ರಶ್ನೆ, ವಾಟರ್‌ಲೂ. ಬ್ರಸೆಲ್ಸ್‌ನಲ್ಲಿ 1815ರ ಜೂನ್ 15ರ ರಾತ್ರಿ ರಿಚ್ಮಂಡ್ ಡಚೆಸ್ ಕೊಟ್ಟ ನೃತ್ಯಕೂಟವನ್ನು ನೂರಾರು ಜನ ಬರೆದು ಸವೆಸಿದ್ದಾರೆ. ಕುಣಿಯುತ್ತಿದ್ದವರು ಅದೇ ಉಡುಪಿನಲ್ಲಿ ರಣರಂಗಕ್ಕೆ ಹೋದದ್ದು ನಿಜ, ಆದರೆ ನೀವು ಅದನ್ನು ಒಂದೇ ಸಾಲಿನಲ್ಲಿ ದಾಟಿಬಿಡಿ. ರಣರಂಗದ ದೃಶ್ಯ ಅತಿಯಾಯಿತೇ ಎಂದು ಕೇಳಿದ್ದೀರಿ. ಹುವಾನಾಳ ಕಥೆ ಕೇಳಿ, ನೀವೇ ಹೇಳಿ.

1812ರ ಏಪ್ರಿಲ್ 6ರ ರಾತ್ರಿ, ಗ್ರ್ಯಾಂಟ್ ಸೆರೆಸಿಕ್ಕುವ ಹತ್ತು ದಿನ ಮೊದಲು, ಬ್ರಿಟಿಷರು ಸ್ಪೇನಿನ ಬಡಹೋಸ್ ಕೋಟೆಗೆ ಲಗ್ಗೆ ಹಾಕಿ ಗೆದ್ದರು. ಗೆದ್ದ ಸೈನಿಕರು ಊರಿನ ಮೇಲೆ ಬಿದ್ದು ದಿನಗಟ್ಟಲೆ ಲೂಟಿ, ಅತ್ಯಾಚಾರ ಮಾಡಿದರು. ಇಬ್ಬರು ಅಕ್ಕತಂಗಿಯರು ಊರ ಹೊರಗಿನ ಬ್ರಿಟಿಷ್ ಡೇರೆಗಳಿಗೆ ಆಶ್ರಯ ಕೇಳಿಕೊಂಡು ಬಂದರು. ಓಲೆ ಕಿತ್ತುಕೊಂಡ ಕಿವಿಗಳಿಂದ ರಕ್ತ ಸುರಿಯುತ್ತಿತ್ತು. ತಂಗಿ ಹುವಾನಾಗೆ 14 ವರ್ಷ, ಕ್ರೈಸ್ತ ಮಠದಲ್ಲಿ ಓದಿ ಬಂದವಳು. ರೈಫಲ್ ದಳದ ಕ್ಯಾಪ್ಟನ್ ಹ್ಯಾರಿ ಸ್ಮಿತ್‌ಗೆ 24. ಕೆಲವೇ ದಿನಗಳಲ್ಲಿ ಅವರ ಮದುವೆ ನಡೆಯಿತು. ಈ ವಯಸ್ಸೂ ಈ ಹಿನ್ನೆಲೆಯೂ ನಮ್ಮನ್ನು ಕಲಕುತ್ತವೆ, ಕಲಕಬೇಕು ಕೂಡ. ಅದನ್ನು ಸಕ್ಕರೆ ಹಾಕಿ ಬರೆಯಬೇಡಿ. ಆಮೇಲಿನ ಬದುಕು ಮಾತ್ರ ಅವಳೇ ಗಳಿಸಿದ್ದು. ಕುದುರೆ ಸವಾರಿ ಕಲಿತಳು, ಯುದ್ಧ ಮುಗಿಯುವವರೆಗೂ ಸೇನೆಯ ಜೊತೆ ನಡೆದಳು. ದಕ್ಷಿಣ ಆಫ್ರಿಕಾದ ಲೇಡಿಸ್ಮಿತ್ ಪಟ್ಟಣಕ್ಕೆ ಅವಳದೇ ಹೆಸರು.

ವಾಟರ್‌ಲೂ ಕದನದ ಹೊತ್ತಿಗೆ ಅವಳನ್ನು ಆಂಟ್ವರ್ಪ್‌ಗೆ ಕಳಿಸಿದ್ದರು. ಗೆದ್ದ ಸುದ್ದಿ ಬಂದ ಕೂಡಲೇ ಕುದುರೆ ಹತ್ತಿ ಹೊರಟಳು. ದಾರಿಯಲ್ಲಿ ಅವನ ದಳದ ಸೈನಿಕರು ಸಿಕ್ಕರು. ಕೇಳಿದಳು. ಬ್ರಿಗೇಡ್ ಮೇಜರ್ ಸ್ಮಿತ್ ಸತ್ತರು ಎಂದರು. ಹುಚ್ಚಿಯಂತೆ ರಣರಂಗಕ್ಕೆ ಕುದುರೆ ಓಡಿಸಿ, ಆಗಷ್ಟೇ ಮುಚ್ಚಿದ ಗುಂಡಿಗಳ ನಡುವೆ ಗಂಡನ ಹೆಣ ಹುಡುಕಿದಳು. ಅಷ್ಟರಲ್ಲಿ ಪರಿಚಯದ ಅಧಿಕಾರಿಯೊಬ್ಬ ಎದುರಾದ. ಹ್ಯಾರಿ ಚೆನ್ನಾಗಿಯೇ ಇದ್ದಾನಲ್ಲ ಎಂದ. ಸತ್ತವನು ಅದೇ ದಳದ, ಅದೇ ಹುದ್ದೆಯ ಚಾರ್ಲ್ಸ್ ಸ್ಮಿತ್. ಸೈನಿಕರು ಸುಳ್ಳು ಹೇಳಿರಲಿಲ್ಲ, ಹೆಸರಿನ ಅರ್ಧವನ್ನಷ್ಟೇ ಹೇಳಿದ್ದರು. ಅವಳು ಮತ್ತೆ ಕುದುರೆ ಹತ್ತಿ ಸೇನೆ ಹೋದ ದಾರಿ ಹಿಡಿದಳು.